‘ಪಾರ್ಟ್ ಪ್ರಿಪರೇಶನ್’: ಹೆರಿಗೆ ಕೋಣೆಗೆ ಬಂದ ಬ್ಲೇಡಿನ ಕತೆ

ನಮ್ಮ ದೇಶದ ಆಸ್ಪತ್ರೆಗಳಲ್ಲಿ ‘ಪಾರ್ಟ್ ಪ್ರಿಪರೇಶನ್’ ಎಂಬ ಒಂದು ಮಾತಿದೆ. ಬೆಂಗಳೂರಿನ ವಾರ್ಡಿನಲ್ಲೂ ಅದೇ ಮಾತು, ಪುಣೆಯಲ್ಲೂ ಅದೇ, ಹೈದರಾಬಾದಿನಲ್ಲೂ ಅದೇ. ಉಳಿದದ್ದನ್ನೆಲ್ಲ ಕನ್ನಡದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳುವವರು ಇದನ್ನು ಮಾತ್ರ ಇಂಗ್ಲಿಷಿನಲ್ಲೇ ಹೇಳಿ ಮುಗಿಸುತ್ತಾರೆ. ಆಪರೇಷನ್ನಿಗೋ ಹೆರಿಗೆಗೋ ಮುಂಚೆ ಮೈಯ ಆ ಭಾಗದ ಕೂದಲು ತೆಗೆದು ಸ್ವಚ್ಛ ಮಾಡುವುದು ಎಂದು ಅದರ ಅರ್ಥ. ಹೆರಿಗೆ ವಾರ್ಡಿನಲ್ಲಿ ‘ಆ ಭಾಗ’ ಯಾವುದು ಎಂದು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಅಂಗಕ್ಕೂ ಹೆಸರಿಲ್ಲ, ಕೆಲಸಕ್ಕೂ ಹೆಸರಿಲ್ಲ. ನೋವು ತಿನ್ನುತ್ತಿರುವ ಹೆಂಗಸಿನ ಒಪ್ಪಿಗೆ ಕೇಳುವ ಪ್ರಸಂಗವೂ ಅನೇಕ ಸಲ ಬರುವುದಿಲ್ಲ. ಪರದೆ ಎಳೆಯುತ್ತಾರೆ, ಬ್ಲೇಡು ಆಡುತ್ತದೆ.

ಈ ಬ್ಲೇಡು ಅಲ್ಲಿಗೆ ಬಂದದ್ದು ಹೇಗೆ? ಇದರಿಂದ ತಾಯಿಗೋ ಮಗುವಿಗೋ ಒಳ್ಳೆಯದಾಗುತ್ತದೆ ಎಂದು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದರೆ? ನೋಡಿದ್ದರು. ಅದೂ ನೂರು ವರ್ಷದ ಹಿಂದೆ. ಉತ್ತರ ‘ಇಲ್ಲ’ ಎಂದು ಬಂದಿತ್ತು. ಆ ಉತ್ತರ ವಾರ್ಡಿನ ಬಾಗಿಲು ತಲುಪುವುದಕ್ಕೆ ಹಿಡಿದ ಕಾಲವೇ ಈ ಕತೆಯ ಮುಖ್ಯ ಭಾಗ.

ಸುಶ್ರುತನ ಮೂರು ಉಪಕರಣ

ಗುಪ್ತಾಂಗದ ಕೂದಲು ತೆಗೆಯುವುದು ಹೊಸ ಕಾಲದ ಶೋಕಿಯೇನಲ್ಲ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಕನ ದಿನಚರಿ ಬರುತ್ತದೆ. ನಾಲ್ಕು ದಿನಕ್ಕೊಮ್ಮೆ ಮುಖಕ್ಷೌರ, ಐದು ಅಥವಾ ಹತ್ತು ದಿನಕ್ಕೊಮ್ಮೆ ಮೈಯ ಉಳಿದ ಕಡೆಯ ಕೂದಲು ತೆಗೆಸುವುದು ಎಂದು ಅಲ್ಲಿ ಲೆಕ್ಕವೇ ಇದೆ. ಇಸ್ಲಾಮಿನಲ್ಲಿ ಗುಪ್ತಾಂಗದ ಕೂದಲು ತೆಗೆಯುವುದು ಮೈಯ ಶುಚಿಯ ನಿಯಮಗಳಲ್ಲಿ ಒಂದು. ಅದು ಗಂಡಸಿಗೂ ಹೆಂಗಸಿಗೂ ಸಮಾನ. ಇವೆಲ್ಲ ಅವರವರ ಮೈ, ಅವರವರ ನಂಬಿಕೆ, ಅವರವರ ಇಷ್ಟ.

ವೈದ್ಯರು ಬೇರೊಬ್ಬರ ಮೈಯ ಕೂದಲು ತೆಗೆಯುವ ಮಾತು ಬರುವುದು ಸುಶ್ರುತ ಸಂಹಿತೆಯಲ್ಲಿ. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯ ಗಾಯಗಳ ಆರೈಕೆಗೆ ಮೀಸಲು. ಕೂದಲು ತುಂಬಿದ ಗಾಯ ಸರಿಯಾಗಿ ಮಾಯದಿದ್ದರೆ ಕ್ಷುರ, ಕರ್ತರಿ, ಸಂದಂಶ ಈ ಮೂರರಿಂದ ಕೂದಲು ತೆಗೆಯಬೇಕೆಂದು ಅಲ್ಲಿ ಹೇಳಿದೆ. ಕ್ಷುರವೆಂದರೆ ಬೋಳಿಸುವ ಕತ್ತಿ. ನಮ್ಮ ‘ಕ್ಷೌರ’ ಹುಟ್ಟಿದ್ದು ಆ ಮಾತಿನಿಂದಲೇ. ಕರ್ತರಿ ನಮ್ಮ ಕತ್ತರಿ. ಸಂದಂಶ ಎಂದರೆ ಚಿಮಟ. ಅದರ ಬೆನ್ನಿಗೇ ಒಂದು ಲೇಪವೂ ಬರುತ್ತದೆ: ಎರಡು ಭಾಗ ಶಂಖದ ಪುಡಿ, ಒಂದು ಭಾಗ ಹರಿತಾಳ, ಹುಳಿ ದ್ರವದಲ್ಲಿ ಅರೆದು ಹಚ್ಚುವುದು.

ಹರಿತಾಳ ಎಂದರೆ ಹಳದಿ ಬಣ್ಣದ ಖನಿಜ, ಆರ್ಸೆನಿಕ್ ಮತ್ತು ಗಂಧಕ ಕೂಡಿದ್ದು. ಅದು ಸುಣ್ಣದ ಜೊತೆ ಸೇರಿ ನೀರು ಬಿದ್ದರೆ ಹುಟ್ಟುವ ಗಂಧಕದ ಲವಣಗಳು ಕೂದಲಿನ ಕೆರಾಟಿನ್ನನ್ನು ಹಿಡಿದಿಟ್ಟ ಬಂಧಗಳನ್ನು ಬಿಡಿಸುತ್ತವೆ. ಕೂದಲು ಮೆತ್ತಗಾಗಿ ಒರೆಸಿದರೆ ಬಂದುಬಿಡುತ್ತದೆ. ಸುಣ್ಣ ಮತ್ತು ಹರಿತಾಳದ ಇಂಥದೇ ಲೇಪ ಇರಾನಿನಿಂದ ತುರ್ಕಿಯವರೆಗೆ ಹಮಾಮುಗಳಲ್ಲಿ ಬಳಕೆಯಲ್ಲಿತ್ತು. ತುಸು ಹೆಚ್ಚು ಹೊತ್ತು ಬಿಟ್ಟರೆ ಚರ್ಮವೇ ಸುಡುತ್ತಿತ್ತು; ಆರ್ಸೆನಿಕ್ಕಿನ ವಿಷ ಬೇರೆ. ಇವತ್ತು ಅಂಗಡಿಯಲ್ಲಿ ಸಿಗುವ ಹೇರ್ ರಿಮೂವಲ್ ಕ್ರೀಮಿನಲ್ಲಿ ಆರ್ಸೆನಿಕ್ ಇಲ್ಲ, ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಇದೆ. ಗಂಧಕದ ಆಟ ಮಾತ್ರ ಅದೇ. ಆ ಕ್ರೀಮಿನ ವಾಸನೆ ಮೂಗಿಗೆ ಹೊಡೆಯುವುದು ಅದಕ್ಕೇ.

ಸುಶ್ರುತನಲ್ಲಿ ಗಮನಿಸಬೇಕಾದದ್ದು ‘ಮಾಯದಿದ್ದರೆ’ ಎಂಬ ಷರತ್ತು. ಕೂದಲಿದೆ ಎಂದಾಕ್ಷಣ ಕತ್ತಿ ಹಿಡಿ ಎಂದು ಅವನು ಹೇಳುವುದಿಲ್ಲ. ಗಾಯಕ್ಕೆ ಕೂದಲು ಅಡ್ಡಿಯಾಗಿದೆ ಎಂದು ಕಂಡರೆ ತೆಗೆ ಎನ್ನುತ್ತಾನೆ.

ಕೈ ತೊಳೆಯುವ ಪಾಠ, ಮೈ ಬೋಳಿಸುವ ರೂಢಿ

ಈಗ 1847ರ ವಿಯೆನ್ನಾಕ್ಕೆ ಬರಬೇಕು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ವಿಭಾಗದಲ್ಲಿ ಬಾಣಂತಿಯರು ಜ್ವರ ಬಂದು ಸಾಯುವುದು ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗಕ್ಕಿಂತ ಬಹಳ ಹೆಚ್ಚಿತ್ತು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದಾರೆ, ಜ್ವರ ಬರುತ್ತಿರುವುದು ಆ ಕೈಗಳಿಂದ ಎಂದು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕಂಡುಕೊಂಡ. ಮೇ ತಿಂಗಳಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಮೈ ತೊಳೆಸಬೇಕಾದವರು ಹೆಂಗಸರಲ್ಲ, ಕೈ ತೊಳೆಯಬೇಕಾದವರು ವೈದ್ಯರು ಎಂಬ ಮಾತನ್ನು ಅವನ ಜೊತೆಯವರಲ್ಲಿ ಅನೇಕರು ಒಪ್ಪಲಿಲ್ಲ.

ಮುಂದೆ ಪಾಶ್ಚರ್, ಲಿಸ್ಟರ್ ಮುಂತಾದವರ ಕೆಲಸದಿಂದ ಸೂಕ್ಷ್ಮಾಣುಗಳ ವಿಷಯ ಎಲ್ಲರಿಗೂ ತಿಳಿಯಿತು. ವೈದ್ಯರು ಕೈ ತೊಳೆಯತೊಡಗಿದರು, ಕೈಗವಸು ಬಂತು, ಉಪಕರಣ ಕುದಿಸುವುದು ಬಂತು. ಅದೇ ಉಮೇದಿನಲ್ಲಿ ಆಸ್ಪತ್ರೆಗೆ ಬಂದ ಹೆಂಗಸಿನ ಮೈಯೂ ಕುದಿಸಿ ತೆಗೆದ ಪಾತ್ರೆಯಂತೆ ಇರಬೇಕು ಎಂಬ ಯೋಚನೆ ಬೆಳೆಯಿತು. ಕೂದಲಿನಲ್ಲಿ ಕೊಳೆ ಇರುತ್ತದೆ, ಕೊಳೆಯಲ್ಲಿ ಸೂಕ್ಷ್ಮಾಣು ಇರುತ್ತದೆ, ಆದ್ದರಿಂದ ಬೋಳಿಸಿಬಿಡು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸಾಗತೊಡಗಿದಾಗ ಬೋಳಿಸುವುದು ಮತ್ತು ಎನಿಮಾ ಕೊಡುವುದು ಜೋಡಿ ಶಾಸ್ತ್ರದಂತೆ ಬೇರೂರಿದವು. ಸೋಂಕು ಇದ್ದದ್ದು ವೈದ್ಯರ ಕೈಯಲ್ಲಿ. ಕತ್ತಿ ಹೋದದ್ದು ಹೆಂಗಸಿನ ಮೈಮೇಲೆ.

ಆ ವರ್ಷಗಳಲ್ಲೇ ಬ್ಲೇಡೂ ಅಗ್ಗವಾಯಿತು. ಕಿಂಗ್ ಜಿಲೆಟ್ಟನ ಕಂಪನಿ 1903ರಲ್ಲಿ, ಮಾರಾಟದ ಮೊದಲ ವರ್ಷ, ಮಾರಿದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಲೆಕ್ಕ ತೊಂಬತ್ತು ಸಾವಿರ ದಾಟಿತು. ಸಾಣೆ ಹಿಡಿಯಬೇಕಿಲ್ಲ, ಕ್ಷೌರಿಕನ ಪಳಗಿದ ಕೈ ಬೇಕಿಲ್ಲ, ಬಳಸಿ ಎಸೆದರಾಯಿತು.

1922ರ ಪ್ರಶ್ನೆ

1922ರಲ್ಲಿ ಅಮೆರಿಕದ ಹೆರಿಗೆ ವೈದ್ಯರ ಒಂದು ಪತ್ರಿಕೆಯಲ್ಲಿ ಜಾನ್‌ಸ್ಟನ್ ಮತ್ತು ಸಿಡಾಲ್ ಎಂಬ ಇಬ್ಬರು ಒಂದು ಲೇಖನ ಬರೆದರು. ಹೆರಿಗೆಗೆ ‘ಸಿದ್ಧಪಡಿಸುವ’ ವಾಡಿಕೆಯ ಕ್ರಮದಿಂದ ಲಾಭ ಇದೆಯೇ, ಅದು ಬೇಕೇ ಎಂಬ ಪ್ರಶ್ನೆಯನ್ನೇ ಅವರು ತಲೆಬರಹ ಮಾಡಿದ್ದರು. 389 ಹೆಂಗಸರನ್ನು ಒಬ್ಬರು ಬಿಟ್ಟು ಒಬ್ಬರಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯಂತೆ ಬೋಳಿಸಿದರು, ಇನ್ನೊಂದು ಗುಂಪಿಗೆ ಕತ್ತರಿಯಲ್ಲಿ ಕೂದಲು ಮೋಟು ಮಾಡಿದರು, ಅಷ್ಟೇ. ಬೋಳಿಸಿದ್ದರಿಂದ ಬಾಣಂತಿ ಜ್ವರ ಕಡಿಮೆಯಾದದ್ದು ಕಾಣಲಿಲ್ಲ.

ಮುದ್ರಣವಾದ ಮೇಲೂ ವಾರ್ಡಿನಲ್ಲಿ ಏನೂ ಬದಲಾಗಲಿಲ್ಲ. ಬಾಣಂತಿ ಜ್ವರದ ಸಾವು ನಿಜವಾಗಿ ಇಳಿಯತೊಡಗಿದ್ದು 1930ರ ದಶಕದ ನಡುವೆ, ಸಲ್ಫಾ ಔಷಧಿಗಳು ಬಂದಮೇಲೆ. ಲಂಡನ್ನಿನಲ್ಲಿ ಲಿಯೊನಾರ್ಡ್ ಕೋಲ್‌ಬ್ರೂಕ್ 1936ರಲ್ಲಿ ಪ್ರಕಟಿಸಿದ ಫಲಿತಾಂಶ ಅದಕ್ಕೆ ಸಾಕ್ಷಿ. ಆದರೂ ಬ್ಲೇಡು ತನ್ನ ಜಾಗ ಬಿಡಲಿಲ್ಲ.

1965ರಲ್ಲಿ 150 ಹೆಂಗಸರ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು. ಸೋಂಕಿನಲ್ಲಿ ಮತ್ತೆ ವ್ಯತ್ಯಾಸವಿಲ್ಲ. ಬೋಳಿಸದವರ ಚರ್ಮದಲ್ಲೇ ಒಂದು ಜಾತಿಯ ಬ್ಯಾಕ್ಟೀರಿಯಾ ಕಡಿಮೆ ಕಂಡಿತು. ಬ್ಲೇಡಿನ ಹೆಸರು ಸ್ವಚ್ಛತೆ, ಅದರ ಕೆಲಸ ತದ್ವಿರುದ್ಧ ಎಂಬ ಅನುಮಾನಕ್ಕೆ ಇದು ಸಾಕಿತ್ತು.

ಆ ಅನುಮಾನ ಗಟ್ಟಿಯಾದದ್ದು ಹೆರಿಗೆ ಕೋಣೆಯಲ್ಲಲ್ಲ, ಆಪರೇಷನ್ ಥಿಯೇಟರಿನಲ್ಲಿ. 1971ರಲ್ಲಿ ಸೆರೋಪಿಯನ್ ಮತ್ತು ರೆನಾಲ್ಡ್ಸ್ ಎಂಬ ಶಸ್ತ್ರವೈದ್ಯರು ಲೆಕ್ಕ ಹಾಕಿದರು. ಬ್ಲೇಡಿನಿಂದ ಬೋಳಿಸಿದ ರೋಗಿಗಳಲ್ಲಿ ನೂರಕ್ಕೆ 5.6 ಮಂದಿಗೆ ಗಾಯ ಕೀವಾಯಿತು. ಕೂದಲು ಕರಗಿಸುವ ಕ್ರೀಮು ಹಚ್ಚಿದವರಲ್ಲಿ ಮತ್ತು ಕೂದಲು ತೆಗೆಯದೇ ಬಿಟ್ಟವರಲ್ಲಿ ಅದು 0.6. ಯಾವಾಗ ಬೋಳಿಸಿದರು ಎಂಬುದರಿಂದಲೂ ವ್ಯತ್ಯಾಸ ಬಿತ್ತು. ಆಪರೇಷನ್ನಿಗೆ ತುಸು ಮೊದಲು ಬೋಳಿಸಿದರೆ 3.1, ಇಪ್ಪತ್ತನಾಲ್ಕು ಗಂಟೆಯೊಳಗೆ 7.1, ಅದಕ್ಕೂ ಹಿಂದೆ ಬೋಳಿಸಿದ್ದರೆ 20ಕ್ಕೂ ಹೆಚ್ಚು. ಅಂದರೆ ‘ಹಿಂದಿನ ರಾತ್ರಿಯೇ ರೆಡಿ ಮಾಡಿಡಿ’ ಎಂಬ ಶಿಸ್ತು ರೋಗಿಗೆ ಅಪಾಯ ತರುತ್ತಿತ್ತು.

ಕಾರಣ 1977ರಲ್ಲಿ ಕಣ್ಣಿಗೇ ಕಂಡಿತು. ಕೆನಡಾದ ಸಂಶೋಧಕರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಚರ್ಮ ನೋಡಿದರು. ಬ್ಲೇಡು ಆಡಿದ ಕಡೆ ಗೀರುಗಳೇ ಗೀರುಗಳು. ಕ್ಲಿಪ್ಪರ್ ಆಡಿದ ಕಡೆ ಕಡಿಮೆ. ಕ್ರೀಮು ಹಚ್ಚಿದ ಕಡೆ ಕೊಯ್ತವೇ ಇಲ್ಲ. ಬರಿಗಣ್ಣಿಗೆ ನುಣ್ಣಗೆ ಕಂಡ ಚರ್ಮದಲ್ಲಿ ಸೂಕ್ಷ್ಮಾಣು ಮನೆಮಾಡಲು ಬೇಕಾದಷ್ಟು ಬಿರುಕು. ಗುಪ್ತಾಂಗದ ಸುತ್ತಲಿನ ಚರ್ಮವಂತೂ ಮಡಿಕೆ ಮಡಿಕೆಯಾಗಿರುವುದು, ಒದ್ದೆಯಾಗಿರುವುದು. ಬ್ಲೇಡು ಸಮನಾಗಿ ಓಡುವ ಜಾಗವೇ ಅಲ್ಲ. 1983ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಲೆಕ್ಸಾಂಡರ್ ಅವರ ಅಧ್ಯಯನದಲ್ಲಿ, ಆಪರೇಷನ್ನಿನ ದಿನ ಬೆಳಿಗ್ಗೆ ಕ್ಲಿಪ್ಪರಿನಿಂದ ಕೂದಲು ಮೋಟು ಮಾಡಿದವರಲ್ಲಿ ಸೋಂಕು ಅತಿ ಕಡಿಮೆ ಎಂದು ತೋರಿತು.

ತುರಿಕೆ ಯಾರ ಪಾಲಿಗೆ

ಇಷ್ಟು ಲೆಕ್ಕ ಬಂದರೂ ಹೆರಿಗೆ ಕೋಣೆಯ ಬ್ಲೇಡು ಯಾಕೆ ಉಳಿಯಿತು? ಹೊಲಿಗೆ ಹಾಕಲು ಅನುಕೂಲ ಎಂದರು. ಪುಸ್ತಕದಲ್ಲಿದೆ ಎಂದರು. ಆದರೆ ಆ ನಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದೂ ಒಂದು ಕಾರಣ. ಗೀರಿದ ಚರ್ಮದ ಉರಿ, ಮೋಟು ಕೂದಲು ಮತ್ತೆ ಚಿಗುರುವಾಗಿನ ತುರಿಕೆ, ಕೆಂಪು ಗುಳ್ಳೆ ಇವೆಲ್ಲ ಆರಂಭವಾಗುವ ಹೊತ್ತಿಗೆ ಬಾಣಂತಿ ಮನೆಯಲ್ಲಿರುತ್ತಾಳೆ. ಹೊಲಿಗೆಯ ನೋವು, ಹಾಲು ಕುಡಿಸುವ ನಿದ್ದೆಗೇಡು, ಅದರ ಮೇಲೆ ಇದು. ಯಾರ ಮುಂದೆ ಹೇಳಿಕೊಳ್ಳುವ ವಿಷಯವೂ ಅಲ್ಲ. ಆಸ್ಪತ್ರೆಯ ಕಡತದಲ್ಲಿ ‘ತುರಿಕೆ’ ಎಂದು ದಾಖಲಾಗುವುದಿಲ್ಲ.

1980ರಲ್ಲಿ ಇಂಗ್ಲೆಂಡಿನ ಮೋನಾ ರೊಮ್ನಿ ಇದನ್ನೇ ಎತ್ತಿಕೊಂಡು ಬರೆದರು. ಹೆರಿಗೆಗೆ ಮುನ್ನ ಬೋಳಿಸುವುದು ಸಮರ್ಥಿಸಲಾಗದ ಹಲ್ಲೆಯಲ್ಲವೇ ಎಂಬುದು ಅವರ ಲೇಖನದ ಪ್ರಶ್ನೆ. ಸೋಂಕಿನ ಲೆಕ್ಕದ ಜೊತೆಗೆ ಹೆಂಗಸಿಗೆ ಏನನ್ನಿಸಿತು ಎಂಬ ಲೆಕ್ಕವೂ ಅಲ್ಲಿಂದ ಮುಂದೆ ಸೇರತೊಡಗಿತು.

ಕನ್ನಡದಲ್ಲಿ ಈ ಪ್ರಶ್ನೆಗೆ ಇನ್ನೊಂದು ಭಾರವಿದೆ. ‘ಬೋಳಿಸು’ ಎಂಬುದು ನಮ್ಮಲ್ಲಿ ಬರಿಯ ಕ್ರಿಯಾಪದವಲ್ಲ. ಗಂಡ ಸತ್ತವಳ ತಲೆ ಬೋಳಿಸುತ್ತಿದ್ದ ಕಾಲ ತೀರ ಹಿಂದಿನದಲ್ಲ; ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಮಾತಿನಿಂದ ಹುಟ್ಟಿದ ಬೈಗುಳ ಇವತ್ತಿಗೂ ಬೀದಿಯಲ್ಲಿ ಕೇಳುತ್ತದೆ. ‘ಪಾರ್ಟ್ ಪ್ರಿಪರೇಶನ್’ ಎಂಬ ಇಂಗ್ಲಿಷ್ ಮಾತು ನಾಲಿಗೆಗೆ ಹಗುರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೆಸರು ಮರೆಯಾದರೆ ಪ್ರಶ್ನೆಯೂ ಮರೆಯಾಗುತ್ತದೆ. ‘ನಿಮ್ಮ ಕೆಳಗಿನ ಕೂದಲು ಬೋಳಿಸುತ್ತೇವೆ’ ಎಂದರೆ ಯಾಕೆ ಎಂದು ಕೇಳಬಹುದು. ‘ಪಾರ್ಟ್ ಪ್ರಿಪರೇಶನ್ ಆಗಬೇಕು’ ಎಂದರೆ ಏನೆಂದು ಕೇಳುವುದು?

ಕಾಗದಕ್ಕೆ ಬಂದದ್ದು

ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 1985ರಲ್ಲಿ ಬ್ರೆಜಿಲಿನ ಫೋರ್ಟಲೇಜಾದಲ್ಲಿ ಸೇರಿದ ತಜ್ಞರ ಸಭೆ, ಹೆರಿಗೆಗೆ ಮೊದಲು ಬೋಳಿಸಲು ಯಾವ ಕಾರಣವೂ ಇಲ್ಲ ಎಂದು ಹೇಳಿತು. 1996ರಲ್ಲಿ ಆ ಸಂಸ್ಥೆ ಹೊರತಂದ ಕೈಪಿಡಿ, ವಾಡಿಕೆಯಾಗಿ ಬೋಳಿಸುವುದನ್ನು ಕೈಬಿಡಬೇಕಾದ ಪದ್ಧತಿಗಳ ಪಟ್ಟಿಗೆ ಸೇರಿಸಿತು. ಮೂರು ಪರೀಕ್ಷೆ, 1,039 ಹೆಂಗಸರ ಫಲಿತಾಂಶ ಒಟ್ಟುಮಾಡಿ ನೋಡಿದ ಕೊಕ್ರೇನ್ ವಿಮರ್ಶೆಯಲ್ಲೂ ಲಾಭ ಕಾಣಲಿಲ್ಲ. 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಅದೇ ಮಾತು ಮತ್ತೆ ಬಂತು. ಆಪರೇಷನ್ನಿನ ವಿಷಯದಲ್ಲಿ 2016ರ ಮಾರ್ಗಸೂಚಿ ಇನ್ನೂ ಖಚಿತ: ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಮಾತ್ರ, ಬ್ಲೇಡು ಯಾವ ಹೊತ್ತಿನಲ್ಲೂ ಬೇಡ. ಸಿಸೇರಿಯನ್ನಿಗೂ ಇದು ಸಲ್ಲುತ್ತದೆ.

ನಮ್ಮಲ್ಲಿ ಈ ನಡುವೆ ಹೆರಿಗೆಯೇ ಜಾಗ ಬದಲಿಸಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು 39ರಷ್ಟು. 2019-21ರ ಹೊತ್ತಿಗೆ ಅದು 89ರ ಹತ್ತಿರ ಬಂತು, ಕರ್ನಾಟಕದಲ್ಲಿ 97. ಇದರಿಂದ ಉಳಿದ ಜೀವಗಳು ಲೆಕ್ಕವಿಲ್ಲದಷ್ಟು. ಜೊತೆಗೆ, ಆಸ್ಪತ್ರೆಯ ಹಳೆಯ ರೂಢಿಗಳ ಕೈಗೆ ಸಿಕ್ಕ ಹೆಂಗಸರ ಸಂಖ್ಯೆಯೂ ಹೆಚ್ಚಿತು. ಕೇಂದ್ರ ಸರ್ಕಾರ 2017ರಲ್ಲಿ ಹೆರಿಗೆ ಕೋಣೆಗಳ ಗುಣಮಟ್ಟಕ್ಕೆಂದು ತಂದ ‘ಲಕ್ಷ್ಯ’ ಕಾರ್ಯಕ್ರಮ, ವಾಡಿಕೆಯ ಎನಿಮಾ ಮತ್ತು ಬೋಳಿಸುವಿಕೆ ಎರಡನ್ನೂ ಬಿಡಬೇಕಾದವುಗಳ ಸಾಲಿನಲ್ಲಿ ಇಟ್ಟಿತು.

ಕಾಗದದ ಮಾತು ಎಲ್ಲ ವಾರ್ಡಿಗೂ ಒಂದೇ ವೇಗದಲ್ಲಿ ತಲುಪುವುದಿಲ್ಲ. ಆಸ್ಪತ್ರೆಯಲ್ಲಿ ಬೈಸಿಕೊಳ್ಳಬೇಕಾದೀತು ಎಂದು ದಿನ ತುಂಬಿದ ಹೊಟ್ಟೆ ಹೊತ್ತುಕೊಂಡು, ಕಣ್ಣಿಗೆ ಕಾಣದ ಜಾಗಕ್ಕೆ ತಾನೇ ಬ್ಲೇಡು ಹಾಕಿಕೊಳ್ಳುವವರೂ ಇದ್ದಾರೆ. ಅವರಿಗೆ ಹೇಳಬೇಕಾದದ್ದು ಸಣ್ಣದು. ಹೆರಿಗೆಗಾಗಲಿ ಸಿಸೇರಿಯನ್ನಿಗಾಗಲಿ ಮನೆಯಲ್ಲಿ ಬೋಳಿಸಿಕೊಂಡು ಹೋಗಬೇಕಿಲ್ಲ, ಹೋಗಲೂಬಾರದು. ಉದ್ದ ಕೂದಲು ಕಿರಿಕಿರಿ ಎನ್ನಿಸಿದರೆ ಸಣ್ಣ ಕತ್ತರಿಯಲ್ಲಿ ಬೇರೆಯವರ ಸಹಾಯದಿಂದಲೋ, ಚರ್ಮಕ್ಕೆ ತಾಗದಂತೆ ತಡೆ ಇರುವ ಟ್ರಿಮ್ಮರಿನಲ್ಲೋ ಮೋಟು ಮಾಡಿದರೆ ಸಾಕು. ಕ್ರೀಮಾದರೆ ಕೈಯ ಮೇಲೆ ಹಚ್ಚಿ ನೋಡಬೇಕು, ಒಳಗಿನ ಮೆದು ಚರ್ಮಕ್ಕೆ ತಾಗಬಾರದು. ಏನೂ ಮಾಡದೆ ಬಿಟ್ಟರೂ ನಷ್ಟವಿಲ್ಲ.

ವಾರ್ಡಿನಲ್ಲಿ ಯಾರಾದರೂ ಬ್ಲೇಡು ತಂದರೆ ಕೇಳಬೇಕಾದ ಪ್ರಶ್ನೆ 1922ರಲ್ಲೇ ಅಚ್ಚಾಗಿದೆ: ಇದು ಬೇಕೇ? ನೋವು ತಿನ್ನುತ್ತಿರುವವಳಿಗೆ ಅದನ್ನು ಕೇಳುವ ತ್ರಾಣ ಇರಲಾರದು. ಪಕ್ಕದಲ್ಲಿ ನಿಂತ ತಾಯಿ, ಅತ್ತಿಗೆ, ಗಂಡ ಯಾರಾದರೂ ಕೇಳಬಹುದು.