ಮೊಲ ನಾಯಿಯನ್ನು ಅಟ್ಟಿದ ನೆಲ

ಅಹಮದಾಬಾದಿನ ಜನ ತಮ್ಮ ಊರು ಹುಟ್ಟಿದ ಬಗೆಯನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ: ನಾಯಿಯ ಮೇಲೆ ಮೊಲ ಏರಿ ಬಂತು, ಬಾದಶಹ ಶಹರ ಕಟ್ಟಿದ. ಬಾದಶಹ ಎಂದರೆ 1411ರಲ್ಲಿ ಸಾಬರಮತಿ ದಂಡೆಯಲ್ಲಿ ನಗರಕ್ಕೆ ಬುನಾದಿ ಹಾಕಿದ ಅಹಮದ್ ಶಾ.

ಇದು ನಮ್ಮ ಹಂಪಿಯ ಕಥೆಯೇ ಅಲ್ಲವೆ! ಹಂಪಿಯ ಕಥೆ ಬರಹಕ್ಕೆ ಇಳಿದದ್ದು ಯಾವಾಗ ಎಂದು ಹುಡುಕುತ್ತ ಹೋದರೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಸಿಗುತ್ತಾನೆ. 1530ರ ದಶಕದಲ್ಲಿ ಅವನು ಬರೆದಿಟ್ಟ ವೃತ್ತಾಂತವನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ತುಂಗಭದ್ರೆಯ ಆಚೆ ಬೇಟೆಗೆ ಹೋದ ಅರಸನ ನಾಯಿಗಳನ್ನು ಮೊಲವೊಂದು ಓಡಿಹೋಗದೆ ಎದುರೇರಿ ಬಂದು ಕಚ್ಚಿತು. ನದಿಯ ಬಳಿ ಸಿಕ್ಕ ತಪಸ್ವಿ ಅಲ್ಲೇ ನಗರ ಕಟ್ಟು ಎಂದ. ಇಂಥ ಜಾಗವನ್ನು ನಾವು ಗಂಡುಮೆಟ್ಟಿದ ನೆಲ ಎನ್ನುತ್ತೇವೆ. ಕಥೆ ಯಾರಿಂದ ಯಾರಿಗೆ ಹೋಯಿತು ಎಂಬ ಜಗಳ ನನಗೆ ಬೇಡ. ಎರಡೂ ಕಡೆ ಸೋತದ್ದು ನಾಯಿ, ಅದು ನನ್ನನ್ನು ಕಾಡಿತು.

ಗಾದೆಗಳಲ್ಲೂ ಅದರದು ಇದೇ ಪಾಡು. ನಾಯಿ ಬಾಲ ಡೊಂಕು. ನಾಯಿ ಬೊಗಳಿದರೆ ದೇವಲೋಕ ಹಾಳಾಗದು. ಕಷ್ಟದಲ್ಲಿ ಬಿದ್ದವನದು ನಾಯಿಪಾಡು. ಕನ್ನಡ ನಾಯಿಯನ್ನು ಹೀಗಳೆಯುತ್ತಲೇ ಬಂದಿದೆಯೆ?

ಇಲ್ಲ ಎನ್ನುವ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನದು. ಕ್ರಿ.ಶ. 949-50ರ ಕಲ್ಲು. ತಕ್ಕೋಲದ ಕಾಳಗದಲ್ಲಿ ಮೆರೆದ ಯೋಧ ಮಣಲೇರನಿಗೆ ಒಡೆಯ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕೆಲಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಗುಡಿಯ ಅರ್ಚಕನಿಗೆ, ಪಾಪ ಹತ್ತುತ್ತದೆ ಎಂದೂ ಕೊರೆಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಮುಖಕ್ಕೆ ಮುಖ ಕೊಟ್ಟು ನಿಂತಿವೆ. ನಾಯಿಪಾಡು ಎಂದವರ ನಾಡೇ ನಾಯಿಗೆ ಹೀಗೆ ಗದ್ದೆಯನ್ನೂ ಪೂಜೆಯನ್ನೂ ಕೊಟ್ಟಿತ್ತು. ಹಾಗಾಗಿ ಗಾದೆಯೊಂದನ್ನೇ ಸಾಕ್ಷಿ ಮಾಡಿಕೊಂಡು ತೀರ್ಪು ಹೇಳುವುದು ಸರಿಯಲ್ಲ.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋಗಿ ನೋಡಿ. ನಿಮ್ಮೂರಲ್ಲಿ ಯಾರಾದರೂ ಮೊಲ ನಾಯಿಯನ್ನು ಅಟ್ಟಿದ ಜಾಗ ತೋರಿಸಿದರೆ, ಆ ಜಾಗದ ಹೆಸರನ್ನೂ ಅವರು ಹೇಳಿದ ಮಾತನ್ನೂ ಇದ್ದಂತೆಯೇ ಬರೆದಿಡಿ.