ಆಟಕ್ಕೆ ಲೆಕ್ಕ ಬರೆದ ಹೆನ್ರಿ ಚಾಡ್ವಿಕ್

ಪಾಂಡವಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಇತಿಹಾಸ ಬೋಧಿಸುತ್ತಿದ್ದ ಕಾಲದಲ್ಲಿ, ನಾಗಮಂಗಲದ ಕಡೆಯ ಶಾಲೆಯೊಂದರ ಹುಡುಗರೊಡನೆ ನಮ್ಮ ಮಕ್ಕಳಿಗೆ ಒಂದು ಕ್ರಿಕೆಟ್ ಪಂದ್ಯ ಏರ್ಪಟ್ಟಿತ್ತು. ದೈಹಿಕ ಶಿಕ್ಷಕರು ಅಂಪೈರ್ ಆಗಿ ನಿಂತದ್ದರಿಂದ ಸ್ಕೋರ್ ಪುಸ್ತಕ ನನ್ನ ಪಾಲಿಗೆ ಬಂತು. ಹೊಂಗೆ ಮರದ ನೆರಳಿನಲ್ಲಿ ಕುಳಿತು ಬರೆದೆ. ನನ್ನ ಪುಸ್ತಕದ ಪ್ರಕಾರ ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ 49 ರನ್ನಿಗೆ ಔಟಾದ. ಐವತ್ತು ಹೊಡೆದವರಿಗೆ ಒಂದು ಇಂಕ್ ಪೆನ್ ಬಹುಮಾನವೆಂದು ಮೊದಲೇ ಸಾರಿದ್ದೆವು. ಹುಡುಗ ಬಂದು, "ಸಾರ್, ಐವತ್ತಾಗಿತ್ತು, ನಾನೇ ಎಣಿಸಿಕೊಂಡಿದ್ದೆ" ಎಂದ. "ಪುಸ್ತಕದಲ್ಲಿ ಇರೋದೇ ಲೆಕ್ಕ, ಹೋಗಪ್ಪಾ" ಎಂದೆ.

ಆ ರಾತ್ರಿ ಮನೆಯಲ್ಲಿ ದಾಂಡಿಗರ ರನ್ನುಗಳನ್ನು ಬೌಲರುಗಳು ಕೊಟ್ಟ ರನ್ನುಗಳೊಡನೆ ತಾಳೆ ನೋಡಿದಾಗ ಒಂದು ರನ್ ಹೊಂದಲಿಲ್ಲ. ಹುಡುಗನ ಬ್ಯಾಟಿನಿಂದಲೇ ಬಂದ ರನ್ನನ್ನು ಬೌಲರನ ಲೆಕ್ಕಕ್ಕೆ ಸರಿಯಾಗಿಯೇ ಹಾಕಿ, ಅವನ ಹೆಸರಿನ ಎದುರು ಬರೆಯುವ ಬದಲು 'ಬೈ' ಎಂಬ ಸಾಲಿನಲ್ಲಿ ಬರೆದುಬಿಟ್ಟಿದ್ದೆ. ಮರುದಿನ ಶಾಲೆಗೆ ಹೋದೆ, ಏನೂ ಹೇಳಲಿಲ್ಲ. ಮೇಷ್ಟರ ಬಿಗುಮಾನವೆಂದರೆ ಅದು.

ಆಟವನ್ನು ಹೀಗೆ ಕಾಗದದ ಮೇಲೆ ತಾಳೆ ನೋಡಬಹುದಾದ ವಸ್ತುವನ್ನಾಗಿ ಮಾಡಲು ಒಂದು ಜೀವಮಾನವನ್ನೇ ಸವೆಸಿದ ಪತ್ರಕರ್ತರೊಬ್ಬರ ವಿಚಾರ ನಿವೃತ್ತಿಯ ನಂತರದ ಓದಿನಲ್ಲಿ ನನಗೆ ದೊರೆಯಿತು. ಅವರು ಹೆನ್ರಿ ಚಾಡ್ವಿಕ್. ಅಮೆರಿಕದ ಕ್ರೀಡಾ ಬರವಣಿಗೆಯ ಮೊದಲಿಗರಲ್ಲಿ ಒಬ್ಬರು.

ಚಾಡ್ವಿಕ್ ಹುಟ್ಟಿದ್ದು ಅಮೆರಿಕದಲ್ಲಲ್ಲ, ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ, 1824ರ ಅಕ್ಟೋಬರ್ 5ರಂದು. ತಂದೆ ಜೇಮ್ಸ್ ಚಾಡ್ವಿಕ್ ಪತ್ರಿಕಾ ಸಂಪಾದಕರು. ಮಲ ಅಣ್ಣ ಎಡ್ವಿನ್ ಚಾಡ್ವಿಕ್ ನಮ್ಮ ಇತಿಹಾಸ ವಿದ್ಯಾರ್ಥಿಗಳಿಗೆ ಪರಿಚಿತರೇ. ಕೈಗಾರಿಕಾ ನಗರಗಳ ದುಡಿಯುವ ಜನರ ನೈರ್ಮಲ್ಯ ಸ್ಥಿತಿಯ ಮೇಲೆ 1842ರಲ್ಲಿ ವರದಿ ಬರೆದು, 1848ರ ಸಾರ್ವಜನಿಕ ಆರೋಗ್ಯ ಕಾಯಿದೆಗೆ ದಾರಿ ಮಾಡಿದವರು ಅವರು. ಅಣ್ಣ ಕೊಳಕು ಬೀದಿಗಳ ಸಾವುಗಳನ್ನು ಎಣಿಸಿದರು, ತಮ್ಮ ಮೈದಾನದ ಓಟಗಳನ್ನು ಎಣಿಸಿದರು. ಎಣಿಸಿ ಬರೆದರೆ ಲೋಕ ತಿದ್ದಿಕೊಳ್ಳುತ್ತದೆಂಬ ನಂಬಿಕೆ ಆ ಮನೆತನದ ಗುಣವೇ ಇರಬೇಕೆಂದು ನನಗೆ ತೋರುತ್ತದೆ.

1837ರಲ್ಲಿ ಕುಟುಂಬ ನ್ಯೂಯಾರ್ಕ್ ಬಳಿಯ ಬ್ರೂಕ್ಲಿನ್‌ಗೆ ಬಂದು ನೆಲೆಸಿತು. ಯೌವನದಲ್ಲಿ ಹೆನ್ರಿ ಸಂಗೀತ ಪಾಠವನ್ನೂ ಹೇಳಿದರು, ಪತ್ರಿಕೆಗಳಿಗೂ ಬರೆದರು. ಅವರ ಮೊದಲ ಪ್ರೀತಿ ಕ್ರಿಕೆಟ್. ಅಂದಿನ ಅಮೆರಿಕದಲ್ಲಿ ಕ್ರಿಕೆಟ್ಟೇ ಎಂದು ಆಶ್ಚರ್ಯಪಡಬೇಡಿ. ಎರಡು ದೇಶಗಳ ನಡುವಣ ಮೊದಲ ಕ್ರಿಕೆಟ್ ಪಂದ್ಯ ನಡೆದದ್ದು 1844ರಲ್ಲಿ, ನ್ಯೂಯಾರ್ಕಿನಲ್ಲಿ, ಅಮೆರಿಕ ಮತ್ತು ಕೆನಡಾ ನಡುವೆ. 1856ರಲ್ಲಿ ಒಂದು ದಿನ ಕ್ರಿಕೆಟ್ ಪಂದ್ಯ ಮುಗಿಸಿಕೊಂಡು ಬರುವಾಗ ಹೊಬೋಕನ್ ಎಂಬಲ್ಲಿ ಎರಡು ತಂಡಗಳು ಬೇಸ್‌ಬಾಲ್ ಆಡುವುದನ್ನು ನೋಡಿ ನಿಂತುಬಿಟ್ಟರಂತೆ. ಅಮೆರಿಕನ್ನರ ಅವಸರದ ಸ್ವಭಾವಕ್ಕೆ ಹೇಳಿ ಮಾಡಿಸಿದ ಆಟವಿದು ಎಂದು ಅವರಿಗೆ ಹೊಳೆದದ್ದು ಆಗ.

ಆದರೆ ಕ್ರಿಕೆಟ್ಟಿನ ಅಭ್ಯಾಸ ಬಿಡಲಿಲ್ಲ. ಅದರ ಸ್ಕೋರ್ ಪಟ್ಟಿಯನ್ನೇ ಮಾದರಿಯಾಗಿಟ್ಟುಕೊಂಡು ಬೇಸ್‌ಬಾಲ್‌ನ 'ಬಾಕ್ಸ್ ಸ್ಕೋರ್' ಪಟ್ಟಿಯನ್ನು ಬೆಳೆಸಿದರು. ಅಂಥ ಪಟ್ಟಿ ಅದಕ್ಕೂ ಮುಂಚೆ ಪತ್ರಿಕೆಗಳಲ್ಲಿ ಸಣ್ಣದಾಗಿ ಕಾಣಿಸಿಕೊಂಡಿತ್ತು. ಅದಕ್ಕೆ ಮೈಕಟ್ಟು ಕೊಟ್ಟವರು ಇವರು. ಮೂರು ಬಾರಿ ತಪ್ಪಿ ಔಟಾದ ಆಟಗಾರನಿಗೆ ಇಂದಿಗೂ 'ಕೆ' ಎಂದು ಗುರುತು ಹಾಕುತ್ತಾರೆ. 'ಸ್ಟ್ರಕ್' ಎಂಬ ಪದದ ಮೊದಲ ಅಕ್ಷರ ಬೇರೆ ಕೆಲಸಕ್ಕೆ ಹೋಗಿದ್ದರಿಂದ ಚಾಡ್ವಿಕ್ ಕೊನೆಯ ಅಕ್ಷರವನ್ನು ಆರಿಸಿಕೊಂಡರು. 1860ರಿಂದ ಪ್ರತಿವರ್ಷ ಹತ್ತು ಸೆಂಟಿನ ಕೈಪಿಡಿ ತಂದರು. 1868ರಲ್ಲಿ ಆ ಆಟದ ಬಗ್ಗೆ ಗಟ್ಟಿ ರಟ್ಟಿನ ಮೊದಲ ಪುಸ್ತಕ ಬರೆದರು. ನಿಯಮ ಸಮಿತಿಯಲ್ಲಿ ಕುಳಿತು, ಒಮ್ಮೆ ನೆಲಕ್ಕೆ ಪುಟಿದ ಚೆಂಡನ್ನು ಹಿಡಿದರೂ ಔಟ್ ಎಂಬ ಹಳೆಯ ಪದ್ಧತಿಯನ್ನು ವರ್ಷಗಟ್ಟಲೆ ವಿರೋಧಿಸಿದರು. 1865ರ ಋತುವಿನಿಂದ ಅದು ಹೋಯಿತು. ನಮ್ಮ ಬೀದಿಯ ಮಕ್ಕಳು 'ಒನ್ ಪಿಚ್ ಕ್ಯಾಚ್' ಎಂದು ಈಗಲೂ ಅದನ್ನೇ ಆಡುತ್ತಾರೆ! ಜೂಜಿನ ವಿರುದ್ಧವೂ ಅವರು ಬಿಡದೆ ಬರೆದರು.

ಅವರ ಲೆಕ್ಕದಲ್ಲಿ ಪಕ್ಷಪಾತ ಇರಲಿಲ್ಲವೆಂದಲ್ಲ. ಕೆಟ್ಟ ಎಸೆತಗಳಿಂದಾಗಿ ದಾಂಡಿಗನಿಗೆ ಬಿಟ್ಟಿಯಾಗಿ ಸಿಗುವ ಮೊದಲ ನೆಲೆಯನ್ನು ಅವರು ಎಸೆಗಾರನ ತಪ್ಪೆಂದೇ ಎಣಿಸಿದರು. ತಾಳ್ಮೆಯಿಂದ ಕಾದು ನಿಂತ ದಾಂಡಿಗನಿಗೆ ಅದರ ಕೀರ್ತಿ ಕೊಡಲಿಲ್ಲ. ಆ ತಾಳ್ಮೆಯ ಬೆಲೆ ಆ ನಾಡಿನವರಿಗೆ ಪೂರ್ತಿ ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬರೆಯುವವನು ಯಾವ ಸಾಲಿನಲ್ಲಿ ಬರೆಯುತ್ತಾನೆ ಎಂಬುದು ಸಣ್ಣ ಸಂಗತಿಯಲ್ಲ. ನನಗೂ ಅದರ ಅನುಭವ ಉಂಟಲ್ಲ!

ಮುಪ್ಪಿನಲ್ಲಿ ಅವರಿಗೆ ಒಂದು ದೊಡ್ಡ ವಾದ ಎದುರಾಯಿತು. ಬೇಸ್‌ಬಾಲ್ ಇಂಗ್ಲೆಂಡಿನ 'ರೌಂಡರ್ಸ್' ಎಂಬ ಮಕ್ಕಳಾಟದಿಂದ ಬಂದದ್ದೆಂದು 1903ರಲ್ಲಿ ಬರೆದರು. ಅವರು ಸಂಪಾದಿಸುತ್ತಿದ್ದ ಕೈಪಿಡಿಯ ಒಡೆಯ, ಕ್ರೀಡಾ ಸಾಮಗ್ರಿಗಳ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ಇದು ಸಹಿಸಲಿಲ್ಲ. ಅಪ್ಪಟ ಅಮೆರಿಕದ ಮೂಲವೇ ಬೇಕಿತ್ತು. 1905ರಲ್ಲಿ ಸಮಿತಿಯೊಂದು ಕುಳಿತು, 1907ರ ಕೊನೆಗೆ ತೀರ್ಪು ಕೊಟ್ಟಿತು: ಈ ಆಟವನ್ನು 1839ರಲ್ಲಿ ಕೂಪರ್ಸ್‌ಟೌನ್ ಎಂಬ ಹಳ್ಳಿಯಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಕಂಡುಹಿಡಿದ. ಆಧಾರವೆಂದರೆ, ಆ ಕಾಲಕ್ಕೆ ಐದು ವರ್ಷದ ಮಗುವಾಗಿದ್ದ ಮುದುಕನೊಬ್ಬನ ನೆನಪು. ಡಬಲ್‌ಡೇ ಆ ವರ್ಷ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿ. 1893ರಲ್ಲಿ ಸಾಯುವವರೆಗೂ ತಾನು ಇಂಥದ್ದೊಂದು ಕಂಡುಹಿಡಿದೆನೆಂದು ಹೇಳಿಕೊಂಡವನೇ ಅಲ್ಲ. ಚಾಡ್ವಿಕ್ ಆ ವರದಿಯನ್ನು, ಗೆಳೆಯ ಆಲ್ಬರ್ಟ್‌ನನ್ನು ಸೋಲಿನಿಂದ ಪಾರುಮಾಡುವ ವಕೀಲಿ ವಾದವೆಂದು ತಮಾಷೆ ಮಾಡಿದರು. ಸ್ನೇಹ ಮುರಿಯಲಿಲ್ಲ.

ಇದನ್ನು ಓದುವಾಗ ನನಗೆ ಪಾಂಡವಪುರವೇ ಕಣ್ಣ ಮುಂದೆ ಬಂತು. ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ಇದ್ದರೆಂಬ ಕಥೆ ನಿಮಗೆಲ್ಲ ಗೊತ್ತು. ಅದೇ ಊರು ಹಿರೋಡೆಯೂ ಹೌದು, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ 'ಫ್ರೆಂಚ್ ರಾಕ್ಸ್' ಕೂಡ ಹೌದು. ತರಗತಿಯಲ್ಲಿ ಮೂರು ಹೆಸರುಗಳನ್ನೂ ಬರೆಸಿ, ಯಾವುದು ದಾಖಲೆ, ಯಾವುದು ಐತಿಹ್ಯ ಎಂದು ಬೇರೆ ಮಾಡಿ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ "ಹಂಗಾರೆ ಕುಂತಿ ಬರಲೇ ಇಲ್ವಾ ಸಾರ್?" ಎಂಬ ದುಃಖದ ಪ್ರಶ್ನೆ ಪ್ರತಿವರ್ಷವೂ ಬರುತ್ತಿತ್ತು. ಐತಿಹ್ಯವನ್ನು ಐತಿಹ್ಯವೆಂದು ಹೇಳಿದರೆ ಕುಂತಿಗೆ ಅವಮಾನವಿಲ್ಲ. ಸ್ಪಾಲ್ಡಿಂಗ್ ಮಾಡಿದ್ದು ಐತಿಹ್ಯಕ್ಕೆ ಸಮಿತಿಯ ಮೊಹರು ಒತ್ತಿದ ಕೆಲಸ.

ಚಾಡ್ವಿಕ್ ಹೇಳಿದ್ದೂ ಪೂರ್ಣ ಸರಿಯಲ್ಲವೆಂದು ಈಗ ತಿಳಿದಿದೆ. 'ಬೇಸ್-ಬಾಲ್' ಎಂಬ ಹೆಸರು 1744ರಲ್ಲಿ ಲಂಡನ್ನಿನ ಜಾನ್ ನ್ಯೂಬೆರಿ ಪ್ರಕಟಿಸಿದ ಮಕ್ಕಳ ಪುಸ್ತಕದಲ್ಲಿಯೇ ಇದೆ. ರೌಂಡರ್ಸ್ ಎಂಬ ಹೆಸರು ಅದಕ್ಕಿಂತ ಈಚಿನದು. ಆದರೂ ಆಟ ಇಂಗ್ಲೆಂಡಿನಿಂದ ಬಂತೆಂಬ ಅವರ ಮಾತು ನಿಂತಿತು.

1908ರ ಏಪ್ರಿಲ್‌ನಲ್ಲಿ, 83ರ ವಯಸ್ಸಿನಲ್ಲಿ, ಋತುವಿನ ಆರಂಭದ ಪಂದ್ಯಕ್ಕೆ ಹೋದ ಚಾಡ್ವಿಕ್‌ರಿಗೆ ಶೀತ ಹಿಡಿದು ನ್ಯುಮೋನಿಯಾಕ್ಕೆ ತಿರುಗಿತು. 20ರಂದು ತೀರಿಕೊಂಡರು. 1938ರಲ್ಲಿ ಬೇಸ್‌ಬಾಲ್‌ನ 'ಹಾಲ್ ಆಫ್ ಫೇಮ್' ಗೌರವ ಅವರಿಗೆ ಸಂದಿತು. ಆ ಗೌರವದ ಮಂದಿರ ಮರುವರ್ಷ ತೆರೆದದ್ದು ಎಲ್ಲಿ ಅಂತೀರಿ? ಅವರು ಒಪ್ಪದ ಕಥೆಯ ಅದೇ ಕೂಪರ್ಸ್‌ಟೌನಿನಲ್ಲಿ.

ನನ್ನ ಟ್ರಂಕಿನಲ್ಲಿ ಆ ಸ್ಕೋರ್ ಪುಸ್ತಕ ಇನ್ನೂ ಇದೆ. ಅಂಚುಗಳನ್ನು ಗೆದ್ದಲು ತಿಂದಿದೆ, ಆ ಪುಟ ಉಳಿದಿದೆ. ಮೊನ್ನೆ 'ಬೈ' ಸಾಲಿನ ಒಂದನ್ನು ಹೊಡೆದುಹಾಕಿ, 49ನ್ನು 50 ಎಂದು ತಿದ್ದಿ, ಪಕ್ಕದಲ್ಲಿ ಸಹಿ ಮಾಡಿ ದಿನಾಂಕ ಬರೆದಿದ್ದೇನೆ. ಆ ಹುಡುಗ ಇದನ್ನು ಓದುತ್ತಿದ್ದರೆ ಒಮ್ಮೆ ಮನೆಯ ಕಡೆ ಬರಲಿ. ಇಂಕ್ ಪೆನ್ನೂ ತಂದಿಟ್ಟಿದ್ದೇನೆ.