ಅಬಿಸೀನಿಯಾದಲ್ಲೇ ಉಳಿದ ಉಬೈದುಲ್ಲಾ

ಇಸ್ಲಾಮಿನ ಮೊದಲ ವಲಸೆಗಾರರಲ್ಲಿ ಒಬ್ಬರಾದ ಉಬೈದುಲ್ಲಾ ಇಬ್ನ್ ಜಹ್ಶ್, ಪ್ರವಾದಿ ಮುಹಮ್ಮದರ ಸೋದರತ್ತೆ ಉಮೈಮಾ ಅವರ ಮಗ. 8ನೇ ಶತಮಾನದ ಚರಿತ್ರಕಾರ ಇಬ್ನ್ ಇಸ್ಹಾಕ್ ಇವರನ್ನು, ಇಸ್ಲಾಮಿಗೂ ಮುನ್ನವೇ ಮಕ್ಕಾದ ವಿಗ್ರಹಾರಾಧನೆಯಿಂದ ದೂರ ಸರಿದು ಇಬ್ರಾಹಿಮರ ಏಕದೇವನಿಷ್ಠೆಯನ್ನು ಅರಸಿ ಹೊರಟ ನಾಲ್ವರ ಸಾಲಿನಲ್ಲಿ ಸೇರಿಸುತ್ತಾನೆ. ಇಂಥ ಅನ್ವೇಷಕರಿಗೆ ಹನೀಫರೆಂದು ಹೆಸರು. ಮುಂದೆ ಇಸ್ಲಾಂ ಸ್ವೀಕರಿಸಿದ ಅವರು, ಮಕ್ಕಾದ ಕುರೈಶ್ ಕುಲದವರ ಕಿರುಕುಳ ಹೆಚ್ಚಿದಾಗ, ಪತ್ನಿ ಉಮ್ಮು ಹಬೀಬಾ ಅವರೊಡನೆ ಕೆಂಪು ಸಮುದ್ರ ದಾಟಿ, ನಜಾಶಿ ಎಂಬ ಬಿರುದಿನ ಕ್ರೈಸ್ತ ದೊರೆ ಆಳುತ್ತಿದ್ದ ಅಬಿಸೀನಿಯಾವನ್ನು, ಅಂದರೆ ಇಂದಿನ ಇಥಿಯೋಪಿಯಾ-ಎರಿಟ್ರಿಯಾ ಸೀಮೆಯನ್ನು, ಸೇರಿದರು. ಆ ಪತ್ನಿಯಾದರೋ ಹೊಸ ಧರ್ಮದ ಕಡುವಿರೋಧಿಯಾಗಿದ್ದ ಅಬೂ ಸುಫ್ಯಾನನ ಮಗಳು.

ಅಲ್ಲಿ ಉಬೈದುಲ್ಲಾ ಕ್ರೈಸ್ತಧರ್ಮಕ್ಕೆ ಸೇರಿ, ಅಲ್ಲಿಯೇ ತೀರಿಕೊಂಡರೆಂದು ಇಬ್ನ್ ಇಸ್ಹಾಕ್ ಬರೆಯುತ್ತಾನೆ. ಹಳೆಯ ಸಂಗಡಿಗರು ಎದುರಾದಾಗಲೆಲ್ಲ, ತನಗೆ ದೃಷ್ಟಿ ಬಂದಿದೆ, ಅವರಿನ್ನೂ ಕಣ್ಣು ಬಿಡಲು ಹೆಣಗುತ್ತಿದ್ದಾರೆ ಎಂದು, ಎಳೆಯ ನಾಯಿಮರಿಯ ಕಣ್ಣು ತೆರೆಯುವುದಕ್ಕೆ ಅರಬರು ಬಳಸುತ್ತಿದ್ದ ಮಾತಿನಲ್ಲೇ ಅವರನ್ನು ಹಂಗಿಸುತ್ತಿದ್ದರಂತೆ. ಮತ್ತೊಬ್ಬ ಚರಿತ್ರಕಾರ ಇಬ್ನ್ ಸಅದ್ ಸಂಗ್ರಹಿಸಿದ ವರದಿಯಲ್ಲಿರುವ ಕುಡಿತದ ಆರೋಪಕ್ಕಿಂತ, ಧರ್ಮ ಬಿಟ್ಟವರ ಮೇಲೆ ಇಂಥ ಆರೋಪ ಸುಲಭವಾಗಿ ಅಂಟುವಂಥದ್ದಾದ್ದರಿಂದ, ಈ ಚುಚ್ಚುಮಾತೇ ಆ ವ್ಯಕ್ತಿಯನ್ನು ಹೆಚ್ಚು ಹತ್ತಿರದಿಂದ ತೋರಿಸುತ್ತದೆ. ಮತಾಂತರದ ವರದಿಯನ್ನೇ ಶಂಕಿಸುವ ಆಧುನಿಕ ವಿದ್ವಾಂಸರೂ ಇದ್ದಾರೆ.

ಉಮ್ಮು ಹಬೀಬಾ ಮಾತ್ರ ಇಸ್ಲಾಮಿನಲ್ಲೇ ಉಳಿದರು. ವಿಧವೆಯಾದ ಅವರನ್ನು ಪ್ರವಾದಿಯವರು ನಜಾಶಿಯ ಮೂಲಕವೇ ವರಿಸಿದಾಗ, ವಧುವಿಗೆ ಸಲ್ಲಬೇಕಾದ ಮಹರ್ ಎಂಬ ವಿವಾಹಧನವಾಗಿ 400 ದೀನಾರುಗಳನ್ನು ಆ ಕ್ರೈಸ್ತ ದೊರೆಯೇ ತೆತ್ತನೆಂದು ಇಬ್ನ್ ಇಸ್ಹಾಕನ ಪರಂಪರೆ ಹೇಳುತ್ತದೆ.